ಒಂದು ಶೀಶೆ ತುಡುವೆ ಜೇನು

ತಮ್ಮನಿಗೆ ಕಾಮಾಲೆ ಆದ ವರ್ಷ ಆಯಿ ಹೊತ್ತ ಹರಕೆ ತೀರಿದ್ದು ಈ ಕಾರ್ತಿಕ ಸೋಮವಾರ. ಬನವಾಸಿ ಮಧುಕೇಶ್ವರನಿಗೆ ಮನೆಯ ಪೆಟ್ಟಿಗೆಯ ಜೇನಿನ ಅಭಿಷೇಕ. ಶಿರಸಿಯಿಂದ ಸುಮಾರು 23 ಕಿಲೋಮೀಟರ್ ಅಷ್ಟೇ. ಹತ್ತಿರದ ದೇವರ ಸಾಲವೇ ಹೀಗೆ, ನಾಳೆ ನಾಡಿದ್ದು ಎನ್ನುತ್ತ ಮೂರು ವರ್ಷ ಸರಿದಿತ್ತು.

ಬಸ್ಸಿನ ಕುಲುಕಾಟಕ್ಕೆ ಶೀಶೆಯ ಮುಚ್ಚಳ ಸಡಿಲಿ ಕೈಚೀಲವೆಲ್ಲ ಅಂಟಂಟು. ಆಯಿಯ ಮುಖ ಸಣ್ಣದಾಯಿತು. ಉಳಿದ ಮುಕ್ಕಾಲು ಶೀಶೆಯನ್ನೇ ಭಟ್ಟರು ಧಾರೆಯಾಗಿ ಬಿಟ್ಟರು. ದೀಪದ ಬೆಳಕಲ್ಲಿ ಲಿಂಗ ಯಾವುದು, ಜೇನು ಯಾವುದು ತಿಳಿಯಲಿಲ್ಲ. ಲಿಂಗದ ಆ ಜೇನುಬಣ್ಣದಿಂದಲೇ ಮಧುಕೇಶ್ವರ ಎನ್ನುತ್ತಾರೆ. ಮಧು ಎಂಬ ರಾಕ್ಷಸನಿಂದ ಬಂದ ಹೆಸರೆಂಬ ಕಥೆಯೂ ಉಂಟು. ಅವನ ಜೊತೆಗಾರ ಕೈಟಭನ ಹೆಸರಿನ ಗುಡಿ ಆನವಟ್ಟಿ ಬಳಿಯ ಕೋಟಿಪುರದಲ್ಲಿದೆ. ಕೊಂದವನದ್ದು ಬಿಟ್ಟು ಸತ್ತವರ ಹೆಸರನ್ನು ಶಿವ ಹೊತ್ತುಕೊಂಡ. ನನಗೆ ಈ ಕಥೆಯೇ ಹೆಚ್ಚು ಇಷ್ಟ.

ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಕ್ಕದ ಗುಡಿಯ ಪಾರ್ವತಿ ಕಡೆ. ಆಯಿ ಅಲ್ಲೇ ಕೂತಳು, ನಾನು ಪ್ರಾಕಾರ ಸುತ್ತಿದೆ. ಅಷ್ಟದಿಕ್ಪಾಲಕರು, ಅರ್ಧ ಗಣಪತಿ, ಸೋದೆ ಅರಸರು ಒಪ್ಪಿಸಿದ ಕಲ್ಲಿನ ಮಂಚ. ಮಂಚದ ಕುಸುರಿಯ ಮುಂದೆ ಯಾವಾಗಲೂ ಜನ. ನನ್ನ ಕಾಲು ನಿಂತದ್ದು ಐದು ಹೆಡೆಯ ನಾಗರಕಲ್ಲಿನ ಎದುರು. ಕದಂಬರಿಗೂ ಹಿಂದಿನದು, ಚುಟು ಅರಸರ ಕಾಲದ್ದು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ನಾಗಶ್ರೀ ಎಂಬ ರಾಜಕುಮಾರಿ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಕೊಟ್ಟಳೆಂದು ಅದರಲ್ಲಿದೆ. ಕೆತ್ತಿದ ಶಿಲ್ಪಿ ನಟಕನ ಹೆಸರೂ ಇದೆ. ನಾಗಶ್ರೀಗೆ ಅಲ್ಲಿ ‘ಜೀವಪುತ್ರೆ’ ಎಂಬ ವಿಶೇಷಣ. ಮಗ ಬದುಕಿರುವವಳು ಎಂದರ್ಥ.

ಬಂದು ಆಯಿಗೆ ಹೇಳಿದೆ. ಕೂತಲ್ಲಿಂದ ಎದ್ದು, ಆ ಕಲ್ಲಿನ ಮುಂದೆ ಹೋಗಿ, ಬೆರಳಲ್ಲಿ ಇನ್ನೂ ಅಂಟಿದ್ದ ಜೇನನ್ನು ಸೆರಗಿಗೆ ಒರೆಸಿಕೊಂಡು ಕೈಮುಗಿದಳು.

“ಹಂಗಾರೆ ಅವ್ಳೂ ಹರಕೆ ಹೊತ್ತಿಕ್ಕು” ಅಂದಳು.

ಕಲ್ಲಿನಲ್ಲಿ ಹಾಗೇನೂ ಬರೆದಿಲ್ಲ. ನಾನು ಸುಮ್ಮನಿದ್ದೆ.

ಬಸ್ಸಿಗೆ ಹೊತ್ತಿತ್ತು. ಊರನ್ನು ಮೂರು ಕಡೆ ಬಳಸಿ ಹರಿಯುವ ವರದೆಯ ದಡಕ್ಕೆ ಇಳಿದೆವು. ಆಯಿ ಶೀಶೆ ತೊಳೆದು, ಅದೇ ಶೀಶೆಯಲ್ಲಿ ತಮ್ಮನಿಗೆಂದು ಹೊಳೆನೀರು ತುಂಬಿಕೊಂಡಳು. ಮುಚ್ಚಳವನ್ನು ಈ ಸಲ ಎರಡೆರಡು ಬಾರಿ ತಿರುಪಿ ನೋಡಿದಳು.