‘ಪೂರ್ತಿ ಬಲ ಹಾಕ್ತಿದ್ದಾನಾ ಮೇಡಂ?’

ಡಾಕ್ಟರುಗಳಿಂದ ನನ್ನ ಹತ್ತಿರ ಬರುವ ಚೀಟಿಗಳಲ್ಲಿ ಒಂದು ಸಾಲು ಪದೇ ಪದೇ ಇರುತ್ತದೆ. ರೋಗಿ ನಿಜವಾಗಿ ಪ್ರಯತ್ನ ಪಡುತ್ತಿದ್ದಾರಾ, ಪರೀಕ್ಷಿಸಿ ತಿಳಿಸಿ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಪೆಟ್ಟಾದವರನ್ನು ಮತ್ತೆ ಕೆಲಸಕ್ಕೆ ಸಿದ್ಧ ಮಾಡುವವಳು. ಬರುವವರಲ್ಲಿ ಹೆಚ್ಚಿನವರು ಪೀಣ್ಯದ ಕಡೆಯ ಕಾರ್ಖಾನೆಗಳವರು, ತಗಡು ಒತ್ತುವ ಪವರ್ ಪ್ರೆಸ್ ಯಂತ್ರದಲ್ಲಿ ಕೈ ಜಜ್ಜಿಹೋದವರು. ಹೊಲಿಗೆ ಒಣಗಿರುತ್ತದೆ, ಎಕ್ಸ್‌ರೇಯಲ್ಲಿ ಮೂಳೆ ಕೂಡಿರುತ್ತದೆ. ಆದರೂ ಕೈ ಮುಷ್ಟಿ ಕಟ್ಟುವುದಿಲ್ಲ. ಸೂಪರ್‌ವೈಸರ್ ಫೋನ್ ಮಾಡಿದರೆ ಇನ್ನೂ ನೇರ: ‘ನಾಟಕ ಅಲ್ವಾ ಮೇಡಂ?’

ಈ ಪ್ರಶ್ನೆಗೆ ಹೌದು, ಇಲ್ಲ ಅಂತ ಉತ್ತರ ಕೊಡುವ ಯಂತ್ರ ನನ್ನ ಬಳಿ ಇಲ್ಲ. ಯಾರ ಬಳಿಯೂ ಇಲ್ಲ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೈಹಿಡಿತ ಅಳೆಯಲು ಜಾಮರ್ ಡೈನಮೋಮೀಟರ್ ಬಳಸುತ್ತೇವೆ. ಅದರ ಹಿಡಿಕೆಯನ್ನು 5 ಅಗಲಗಳಲ್ಲಿ ಇಡಬಹುದು. ಸಾಮಾನ್ಯವಾಗಿ 2ನೇ ಅಥವಾ 3ನೇ ಅಗಲದಲ್ಲಿ ಬಲ ಜಾಸ್ತಿ, ಎರಡೂ ತುದಿಗಳಲ್ಲಿ ಕಡಿಮೆ. ಗುರುತು ಹಾಕಿದರೆ ಗುಡ್ಡದಂಥ ಗೆರೆ ಬರುತ್ತದೆ. ಗೆರೆ ಚಪ್ಪಟೆಯಾಗಿದ್ದರೆ ರೋಗಿ ಪೂರ್ತಿ ಬಲ ಹಾಕಿಲ್ಲ ಎಂದು ಓದುವ ರೂಢಿ ಇದೆ. ಆದರೆ ನಿಜವಾಗಿ ಸೋತ ಕೈಯ ಗೆರೆಯೂ ಚಪ್ಪಟೆಯಾಗಿಯೇ ಬರುತ್ತದೆ.

ಇನ್ನೊಂದು ಲೆಕ್ಕ, ಮೂರು ಸಲ ಹಿಂಡಿಸಿ ಅಂಕಿಗಳು ಸರಾಸರಿಯಿಂದ ಶೇಕಡಾ ಎಷ್ಟು ಏರುಪೇರಾಗುತ್ತವೆ ಎಂದು ನೋಡುವುದು. ಶೇ. 15 ದಾಟಿದರೆ ಅನುಮಾನ ಶುರು. ಗಟ್ಟಿ ಕೈಯೊಂದು 40, 41, 42 ಕೆಜಿ ತೋರಿಸಿತು ಅನ್ನಿ. ಏರುಪೇರು ಶೇ. 2.4 ಮಾತ್ರ. ಪೆಟ್ಟಾದ ಕೈ 4, 5, 6 ಕೆಜಿ ತೋರಿಸಿತು ಅನ್ನಿ. ಅದೇ ಶೇ. 20 ಆಗಿಬಿಡುತ್ತದೆ! ಎರಡರಲ್ಲೂ ಇರುವುದು ಒಂದೊಂದೇ ಕೆಜಿ ವ್ಯತ್ಯಾಸ. ಬಲ ಕಡಿಮೆ ಇದ್ದಷ್ಟೂ ಈ ಲೆಕ್ಕ ರೋಗಿಯ ಮೇಲೆ ಬೀಳುತ್ತದೆ.

ಬೆನ್ನುನೋವಿನವರಿಗೆ ವ್ಯಾಡೆಲ್ ಚಿಹ್ನೆಗಳಿವೆ. ಸ್ಕಾಟ್ಲೆಂಡಿನ ಮೂಳೆ ಸರ್ಜನ್ ಗಾರ್ಡನ್ ವ್ಯಾಡೆಲ್ 1980ರಲ್ಲಿ ಪ್ರಕಟಿಸಿದವು. ನೆತ್ತಿಯನ್ನು ಮೆಲ್ಲಗೆ ಒತ್ತಿದರೂ ಸೊಂಟ ನೋಯುತ್ತದಾ, ಗಮನ ಬೇರೆಡೆ ಇದ್ದಾಗ ಕಾಲು ಜಾಸ್ತಿ ಎತ್ತುತ್ತಾರಾ, ಈ ಥರದವು. ಜನ ಇವನ್ನು ಸುಳ್ಳು ಹಿಡಿಯುವ ಪರೀಕ್ಷೆ ಮಾಡಿಕೊಂಡರು. 1998ರಲ್ಲಿ ವ್ಯಾಡೆಲ್ ಅವರೇ ಮನಶ್ಶಾಸ್ತ್ರಜ್ಞ ಕ್ರಿಸ್ ಮೇನ್ ಜೊತೆ ಸೇರಿ, ಇವು ಅದಕ್ಕಲ್ಲ ಎಂದು ಬರೆಯಬೇಕಾಯಿತು. ಆ ಲೇಖನ ಓದದೇ ಚಿಹ್ನೆಗಳನ್ನು ಮಾತ್ರ ಎಣಿಸುವುದು ನನಗೆ ಅನ್ಯಾಯ ಅನಿಸುತ್ತದೆ.

ಹಾಗಾದರೆ ನಾನು ಏನು ನೋಡುತ್ತೇನೆ? ಪೆಟ್ಟಿಗೆ ಎತ್ತಿಸುವಾಗ ದೇಹವನ್ನು ನೋಡುತ್ತೇನೆ. ಭಾರ ಮಿತಿ ಮುಟ್ಟುತ್ತಾ ಬಂದ ಹಾಗೆ ಕಾಲು ಅಗಲವಾಗುತ್ತದೆ, ಭುಜ ಮೇಲೇರುತ್ತದೆ, ಸೊಂಟ ಹಿಂದಕ್ಕೆ ವಾಲುತ್ತದೆ, ಕತ್ತಿನ ಸ್ನಾಯು ಬಿಗಿಯುತ್ತದೆ. ನಾಡಿ ಏರುತ್ತದೆ. ಇದ್ಯಾವುದೂ ಕಾಣುವ ಮೊದಲೇ ಪೆಟ್ಟಿಗೆ ಕೆಳಗಿಟ್ಟರೆ ‘ದೇಹದ ಮಿತಿ ಮುಟ್ಟುವ ಮೊದಲೇ ನಿಲ್ಲಿಸಿದರು’ ಎಂದು ಬರೆಯುತ್ತೇನೆ. ಯಾಕೆ ನಿಲ್ಲಿಸಿದರು ಎಂದು ಅವರನ್ನೇ ಕೇಳಿ, ಅವರ ಮಾತಲ್ಲೇ ಬರೆಯುತ್ತೇನೆ. ಬಿಪಿ ಮಾತ್ರೆ ಏನು ತಗೊಳ್ತಾರೆ ಎಂದೂ ಮೊದಲೇ ಕೇಳಬೇಕು. ಬೀಟಾ ಬ್ಲಾಕರ್ ಇದ್ದರೆ ಎಷ್ಟು ಕಷ್ಟಪಟ್ಟರೂ ನಾಡಿ ಅಷ್ಟಾಗಿ ಏರುವುದಿಲ್ಲ.

ಬೇಗ ನಿಲ್ಲಿಸುವವರಲ್ಲಿ ಪರಿಹಾರದ ಹಣದ ಆಸೆಯವರು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಾನು ಜಾಸ್ತಿ ಕಾಣುವುದು ಭಯ. ಮತ್ತೆ ಹರಿದುಹೋದರೆ ಅನ್ನುವ ಭಯ. ಬಾಗಿಲು ಧಡ್ ಅಂದರೆ ಕೈ ಎದೆಗೆ ಒತ್ತಿಕೊಳ್ಳುವವರನ್ನು ನೋಡಿದ್ದೇನೆ. ಅಂಥವರಿಗೆ ಬೇಕಾಗಿರುವುದು ಚಿಕಿತ್ಸೆ, ಚೀಟಿಯಲ್ಲಿ ಒಂದು ಅನುಮಾನ ಅಲ್ಲ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಮಿತಿ ಮೀರಿ ಬಲ ಹಾಕುವವರದ್ದು. ಗುತ್ತಿಗೆ ಕಾರ್ಮಿಕರು ಹಲ್ಲು ಕಚ್ಚಿಕೊಂಡು ಎತ್ತುತ್ತಾರೆ. ‘ನೋವಿಲ್ಲ ಮೇಡಂ, ಫಿಟ್ ಅಂತ ಬರೆದುಕೊಡಿ’ ಅನ್ನುತ್ತಾರೆ. ಸಂಜೆ ಹೊತ್ತಿಗೆ ಕೈ ಬಾತುಕೊಂಡಿರುತ್ತದೆ. ಅದಕ್ಕೇ ಮಾರನೇ ದಿನವೂ ಕರೆಸಿ ನೋಡುತ್ತೇನೆ. ಒಂದು ದಿನದ ಅಂಕಿ ನಂಬಿ ಇವರನ್ನು ಪ್ರೆಸ್ ಮುಂದೆ ಮತ್ತೆ ನಿಲ್ಲಿಸುವುದು ಅಪಾಯ. ಆದರೂ ಇವರ ಪ್ರಾಮಾಣಿಕತೆ ಬಗ್ಗೆ ಯಾವ ಚೀಟಿಯೂ ಬರುವುದಿಲ್ಲ.

2010ರಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟ ಮಾಡಿತು. ಅದು ರಸ್ತೆ ಅಪಘಾತದ ಪ್ರಕರಣ. ಅಂಗದ ಊನ ಎಷ್ಟು ಶೇಕಡಾ ಅನ್ನುವುದೂ ದುಡಿಮೆಯ ನಷ್ಟ ಎಷ್ಟು ಅನ್ನುವುದೂ ಒಂದೇ ಅಲ್ಲ. ಎಡಗೈ ಹೋದರೆ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗಬಹುದು, ಗುಮಾಸ್ತರ ಕೆಲಸ ಉಳಿಯಬಹುದು. ನನ್ನ ಪರೀಕ್ಷೆಯೂ ಅಲ್ಲಿಂದಲೇ ಶುರುವಾಗಬೇಕು, ಅವರ ಕೆಲಸದಿಂದ.

ಆದ್ದರಿಂದ ಚೀಟಿ ಕಳಿಸುವ ಡಾಕ್ಟರಿಗೂ ಕಾರ್ಖಾನೆಯವರಿಗೂ ನನ್ನದೊಂದು ಕೋರಿಕೆ. ಪ್ರಯತ್ನದ ಸಾಲಿನ ಜೊತೆಗೆ ಇವನ್ನೂ ಬರೆದು ಕಳಿಸಿ: ಎತ್ತಬೇಕಾದ ಭಾರ ಎಷ್ಟು ಕೆಜಿ, ಎಷ್ಟು ಎತ್ತರಕ್ಕೆ, ಗಂಟೆಗೆ ಎಷ್ಟು ಸಲ, ಯಂತ್ರ ನಡೆಸಲು ಎರಡೂ ಕೈ ಬೇಕಾ, ಕಾಲಿನ ಪೆಡಲ್ ಇದೆಯಾ. ಒಂದು ಫೋಟೋ ಸೇರಿಸಿದರೆ ಇನ್ನೂ ಒಳ್ಳೆಯದು.