ಪೋಸ್ಟರ್ ಮೊದಲೇ ಸಿದ್ಧವಾಗಿರುವ ತರಗತಿಯಲ್ಲಿ ಡಿಸೈನ್ ಥಿಂಕಿಂಗ್

ವಿಷುವಲ್ ಕಮ್ಯುನಿಕೇಷನ್ ಪದವಿಯ ಕೊನೆಯ ವರ್ಷದ ಅಥವಾ ಸ್ನಾತಕೋತ್ತರ ವಿದ್ಯಾರ್ಥಿಗಳ ಕೈ ಚೆನ್ನಾಗಿ ಪಳಗಿರುತ್ತದೆ. ಗ್ರಿಡ್ ಗೊತ್ತು, ಅಕ್ಷರಗಳ ಹದ ಗೊತ್ತು, ಬಣ್ಣ ಗೊತ್ತು. ಜನರ ಸಮಸ್ಯೆಯನ್ನು ಮೊದಲು ಅರಿತು, ಆಮೇಲೆ ಪರಿಹಾರ ಮಾಡಿ ಪರೀಕ್ಷಿಸುವ ಕ್ರಮವಾದ ಡಿಸೈನ್ ಥಿಂಕಿಂಗ್ ಕಲಿಸಲು ಹೊರಟಾಗ ಅಡ್ಡ ಬರುವುದು ಇದೇ ಪಳಗಿದ ಕೈ. ಏನು ಮಾಡಬೇಕೆಂದು ಹೇಳುವ ಬ್ರೀಫ್ ಓದಿ ಮುಗಿಯುವ ಮೊದಲೇ ತಲೆಯಲ್ಲಿ ಪೋಸ್ಟರ್ ಮೂಡಿರುತ್ತದೆ. ಆಮೇಲಿನ ಸಂದರ್ಶನ, ಸ್ಟಿಕಿ ನೋಟ್, ನಕ್ಷೆ ಎಲ್ಲವೂ ಆ ಪೋಸ್ಟರಿಗೆ ಸಾಕ್ಷಿ ಕೂಡಿಸುವ ಕೆಲಸವಾಗುತ್ತವೆ. ಆದ್ದರಿಂದ ಈ ಕೋರ್ಸಿನಲ್ಲಿ ಶಿಕ್ಷಕರ ಅರ್ಧ ಕೆಲಸ ಅಂದವನ್ನು ತಡವಾಗಿ ಬರಮಾಡಿಕೊಳ್ಳುವುದು.

ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2000ದ ದಶಕದ ಮಧ್ಯದಲ್ಲಿ ರೂಪಿಸಿದ ಡಬಲ್ ಡೈಮಂಡ್ ಚಿತ್ರ ಈ ಮಾತಿಗೆ ಒಳ್ಳೆಯ ಆಧಾರ. ಅದರಲ್ಲಿ ಅಕ್ಕಪಕ್ಕ ಎರಡು ವಜ್ರಾಕೃತಿಗಳಿವೆ. ಮೊದಲನೆಯದು ಯಾವ ಸಮಸ್ಯೆ ಬಿಡಿಸಬೇಕು ಎಂದು ಕಂಡುಕೊಳ್ಳುವುದಕ್ಕೆ, ಎರಡನೆಯದು ಬಿಡಿಸುವುದಕ್ಕೆ. ಚಿತ್ರ ಬಿಡಿಸಬಲ್ಲವರು ಮೊದಲನೆಯದನ್ನು ಹಾರಿ ಎರಡನೆಯದರಲ್ಲಿ ಇಳಿಯುತ್ತಾರೆ. ಸೆಮಿಸ್ಟರಿನ 15 ವಾರಗಳಲ್ಲಿ ಮೊದಲ 6 ವಾರ ಆ ಮೊದಲ ಆಕೃತಿಗೇ ಮೀಸಲಿರಲಿ. ವಾರಕ್ಕೆ 3 ಗಂಟೆಯ 2 ತರಗತಿ, 24 ವಿದ್ಯಾರ್ಥಿಗಳು, ತಲಾ 4 ಜನರ 6 ಗುಂಪು ಎಂದುಕೊಳ್ಳೋಣ. ಯೋಜನೆ ಒಂದೇ ಇರಲಿ. ಮೂರು ಚಿಕ್ಕ ಯೋಜನೆ ಕೊಟ್ಟರೆ ಮೂರು ಬಾರಿ ಆತುರ ಕಲಿಸಿದಂತೆ.

ಬ್ರೀಫ್‌ನಲ್ಲಿ ಮಾಧ್ಯಮದ ಹೆಸರೇ ಬರಬಾರದು. ‘ಔಷಧ ಸೇವನೆ ಕುರಿತು ಜಾಗೃತಿ ಪೋಸ್ಟರ್ ಸರಣಿ’ ಎಂದು ಬರೆದರೆ ಉತ್ತರವನ್ನು ನಾವೇ ಕೊಟ್ಟಾಯಿತು. ‘ಆಸ್ಪತ್ರೆಯಿಂದ ಮನೆಗೆ ಮರಳಿದ ಹಿರಿಯರು ಐದಾರು ಬಗೆಯ ಮಾತ್ರೆಗಳನ್ನು ಹೊತ್ತುಹೊತ್ತಿಗೆ ತೆಗೆದುಕೊಳ್ಳುವಾಗ ತಪ್ಪುತ್ತಾರೆ’ ಎಂದರೆ ಯಾರು, ಯಾವ ಸ್ಥಿತಿಯಲ್ಲಿ, ಏನು ಕೆಡುತ್ತಿದೆ ಎಂಬ ಮೂರೂ ಇವೆ, ಪರಿಹಾರ ಇಲ್ಲ. ಮುಂದಿನ ಉದಾಹರಣೆಗಳೆಲ್ಲ ಇದೇ ಬ್ರೀಫ್‌ನವು.

ಸಂದರ್ಶನಕ್ಕೆ ಇಬ್ಬಿಬ್ಬರು ಹೋಗಲಿ: ಒಬ್ಬರು ಮಾತಾಡಿಸಲು, ಒಬ್ಬರು ಬರೆದುಕೊಳ್ಳಲು. ಜೋಡಿಗೆ 4, ಅಂದರೆ ಗುಂಪಿಗೆ 8 ಸಂದರ್ಶನ, ಒಂದೊಂದೂ 40 ನಿಮಿಷ. ‘ನೆನಪಿಸುವ ಆ್ಯಪ್ ಇದ್ದರೆ ಬಳಸುತ್ತೀರಾ?’ ಎಂಬ ಪ್ರಶ್ನೆಗೆ ಎಲ್ಲರೂ ಮರ್ಯಾದೆಗೆ ಹೌದು ಅನ್ನುತ್ತಾರೆ, ಆ ಹೌದಿಗೆ ಬೆಲೆಯಿಲ್ಲ. ‘ನಿನ್ನೆ ರಾತ್ರಿಯ ಮಾತ್ರೆ ಯಾವಾಗ ತೆಗೆದುಕೊಂಡಿರಿ? ಡಬ್ಬಿ ಎಲ್ಲಿಟ್ಟಿದ್ದೀರಿ, ತೋರಿಸುತ್ತೀರಾ?’ ಎಂದು ಕೇಳಿದರೆ ಆಗಿಹೋದದ್ದು ಸಿಗುತ್ತದೆ. ಉತ್ತರ ನಿಂತ ಮೇಲೆ ಮನಸ್ಸಿನಲ್ಲೇ ಐದು ಎಣಿಸುವ ಅಭ್ಯಾಸ ಮಾಡಿಸಿ. ಮುಖ್ಯವಾದ ಮಾತು ಎಷ್ಟೋ ಸಲ ಆ ಮೌನದ ನಂತರ ಬರುತ್ತದೆ. ಒಪ್ಪಿಗೆ ಪಡೆಯದೆ ಫೋಟೊ ಬೇಡ. ಒಪ್ಪಿದರೂ ಮುಖ ಬೇಡ, ಕೈ ಮತ್ತು ವಸ್ತು ಸಾಕು. ಇದಕ್ಕೆ ಗೋಪ್ಯತೆಯ ಜೊತೆಗೆ ಇನ್ನೊಂದು ಕಾರಣವಿದೆ. ಈ ವಿದ್ಯಾರ್ಥಿಗಳು ಬಹಳ ಚೆಂದದ ಭಾವಚಿತ್ರ ತೆಗೆಯುತ್ತಾರೆ, ತೆಗೆದಾದ ಮೇಲೆ ಗಮನಿಸಿದ್ದು ಮುಗಿಯಿತು ಎಂದುಕೊಳ್ಳುತ್ತಾರೆ. ಪ್ರತಿ ಫೋಟೊದ ಕೆಳಗೆ ಆ ಕೈ ಏನು ಮಾಡುತ್ತಿತ್ತು, ಯಾಕೆ ಎಂಬ ಒಂದು ವಾಕ್ಯ ಕಡ್ಡಾಯ.

ಸಂದರ್ಶನದಲ್ಲಿ ಕೇಳಿದ್ದನ್ನು, ಕಂಡದ್ದನ್ನು ಒಂದೊಂದಾಗಿ ಚೀಟಿಗಳಲ್ಲಿ ಬರೆಯಲಿ. ಒಂದು ಸಂದರ್ಶನದಿಂದ 10–12 ಚೀಟಿ ಬಂದರೆ ಗುಂಪಿಗೆ 80ರಿಂದ 100 ಚೀಟಿ ಆಗುತ್ತವೆ. ಒಂದು ಚೀಟಿಗೆ ಒಂದೇ ವಾಕ್ಯ, ಅದರಲ್ಲಿ ಕ್ರಿಯಾಪದ ಇರಲೇಬೇಕು. ಮೂಲೆಯಲ್ಲಿ ಸಂದರ್ಶನದ ಸಂಖ್ಯೆ ಮತ್ತು ಚೀಟಿಯ ಸಂಖ್ಯೆ: 3-12 ಎಂದರೆ ಮೂರನೇ ಸಂದರ್ಶನದ ಹನ್ನೆರಡನೇ ಚೀಟಿ. ಸಣ್ಣ ಸಂಗತಿ, ಆದರೆ ಮುಂದಿನ ಇಡೀ ಕಟ್ಟಡ ಇದರ ಮೇಲೆ ನಿಲ್ಲುತ್ತದೆ. ಪರ್ಸೋನಾ, ಅಂದರೆ ಬಳಕೆದಾರರನ್ನು ಪ್ರತಿನಿಧಿಸುವ ಒಬ್ಬ ವ್ಯಕ್ತಿಯ ಚಿತ್ರಣ, ಮಾಡಿದರೂ ಅದರ ಪ್ರತಿ ಸಾಲಿನ ಮುಂದೆ ಚೀಟಿ ಸಂಖ್ಯೆ ಬರೆಸಿ. ಸಂಖ್ಯೆ ಇಲ್ಲದ ಸಾಲು ಕಲ್ಪನೆ, ಹೊಡೆದುಹಾಕಿ. ಸ್ಟಾಕ್ ಫೋಟೊ ಅಂಟಿಸಿದ ಅಂದವಾದ ಪರ್ಸೋನಾ ಹಾಳೆಯಷ್ಟು ದಾರಿ ತಪ್ಪಿಸುವ ವಸ್ತು ಈ ತರಗತಿಯಲ್ಲಿ ಬೇರೊಂದಿಲ್ಲ.

ಚೀಟಿಗಳನ್ನು ಗುಂಪು ಮಾಡುವ ಕ್ರಮ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ಅವರದು. ಜಪಾನಿನ ರೂಢಿಯಂತೆ ಮನೆತನದ ಹೆಸರು ಮೊದಲು ಬರುವ ಅವರ ಹೆಸರಿನ ಮೊದಲಕ್ಷರಗಳಿಂದಲೇ ಅದಕ್ಕೆ ಕೆಜೆ ವಿಧಾನ ಎನ್ನುತ್ತಾರೆ. ಮೊದಲ 20 ನಿಮಿಷ ಯಾರೂ ಮಾತಾಡಬಾರದು. ಮಾತಾಡಿದರೆ ಜೋರು ದನಿಯವರ ವಿಂಗಡಣೆ ಗೆಲ್ಲುತ್ತದೆ. ಇಲ್ಲಿ ತಪ್ಪದೆ ಆಗುವ ತಪ್ಪೆಂದರೆ ‘ಕುಟುಂಬ’, ‘ಆರೋಗ್ಯ’, ‘ತಂತ್ರಜ್ಞಾನ’ ಎಂಬ ತಲೆಬರಹಗಳು. ಇವು ಸಂದರ್ಶನಕ್ಕೆ ಹೋಗುವ ಮೊದಲೇ ತಲೆಯಲ್ಲಿದ್ದ ಖಾನೆಗಳು, ಚೀಟಿಗಳಿಂದ ಹುಟ್ಟಿದವಲ್ಲ. ತಲೆಬರಹ ಪೂರ್ಣ ವಾಕ್ಯವಾಗಿರಲಿ, ಸುಳ್ಳಾಗುವ ಸಾಧ್ಯತೆಯೂ ಅದಕ್ಕಿರಲಿ. ‘ಇವರು ಹೊತ್ತನ್ನು ಗಡಿಯಾರದಿಂದಲ್ಲ, ಊಟದಿಂದ ಅಳೆಯುತ್ತಾರೆ’ ಎಂಬುದು ಅಂಥ ವಾಕ್ಯ. ಊಟ ತಪ್ಪಿದ ದಿನ ಮಾತ್ರೆಯೂ ತಪ್ಪುತ್ತದೆಯೇ ಎಂದು ಹೋಗಿ ಕೇಳಬಹುದು. ‘ಕುಟುಂಬ’ವನ್ನು ಹಾಗೆ ಪರೀಕ್ಷಿಸಲಾಗದು.

ಆರನೇ ವಾರ ಸಮಸ್ಯೆಯ ವಾಕ್ಯ. ಯಾರಿಗೆ, ಏನು ಮಾಡಲು ಆಗಬೇಕು, ಯಾಕೆ ಆಗುತ್ತಿಲ್ಲ ಎಂಬ ಮೂರು ತುಂಡು. ಪ್ರತಿ ಗುಂಪು ಮೂರು ಬೇರೆ ಬೇರೆ ವಾಕ್ಯ ಬರೆಯಲಿ. ವಾಕ್ಯ ಹದವಾಗಿದೆಯೇ ಎಂದು ನೋಡಲು ಅದನ್ನು ಪಕ್ಕದ ಗುಂಪಿಗೆ ಕೊಟ್ಟು 5 ನಿಮಿಷದಲ್ಲಿ ಬೇರೆ ಬೇರೆ ಮಾಧ್ಯಮದ 5 ಪರಿಹಾರ ಹೇಳಲು ಕೇಳಿ. ಒಂದೇ ಬಗೆಯದು ಬಂದರೆ ವಾಕ್ಯದೊಳಗೆ ಪೋಸ್ಟರ್ ಅಡಗಿದೆ. ಜಗತ್ತಿನ ಏನು ಬೇಕಾದರೂ ಬಂದರೆ ವಾಕ್ಯ ಸಡಿಲ.

ಈವರೆಗೆ ಕಂಪ್ಯೂಟರ್ ತೆರೆದಿರುವುದಿಲ್ಲ. ಏಳನೇ ವಾರ ಆಲೋಚನೆಗಳಿಗೆ ಬಂದಾಗಲೂ ದಪ್ಪ ಮೊನೆಯ ಕಪ್ಪು ಮಾರ್ಕರ್ ಮಾತ್ರ. ತೆಳು ಪೆನ್ ಕೊಟ್ಟರೆ ನೆರಳು ಹಾಕಲು ಕೂರುತ್ತಾರೆ. ಎ4 ಹಾಳೆಯನ್ನು ಮೂರು ಸಲ ಮಡಚಿದರೆ 8 ಚೌಕ, 8 ನಿಮಿಷದಲ್ಲಿ 8 ಚಿತ್ರ, ಒಬ್ಬೊಬ್ಬರಿಗೂ 3 ಹಾಳೆ. ಮೊದಲು ಒಬ್ಬೊಬ್ಬರೇ ಮಾಡಲಿ, ಸೇರಿ ಮಾತಾಡುವುದು ಆಮೇಲೆ. ಗುಂಪಾಗಿ ಕೂತು ಆಲೋಚಿಸುವವರಿಗಿಂತ ಅಷ್ಟೇ ಸಂಖ್ಯೆಯ ಜನ ಬೇರೆ ಬೇರೆ ಕೂತರೆ ಹೆಚ್ಚು ಆಲೋಚನೆ ಬರುತ್ತವೆ ಎಂದು 1987ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕಾಗುವುದು ಅದಕ್ಕೆ ಮುಖ್ಯ ಕಾರಣ. ಮೊದಲ ಹಾಳೆಯಲ್ಲಿ ಬರುವುದು ಬಹುಪಾಲು ಬೇರೆಲ್ಲೋ ನೋಡಿದ್ದು. ಮೂರನೇ ಹಾಳೆಯಲ್ಲಿ, ಬುಟ್ಟಿ ಖಾಲಿಯಾದ ಮೇಲೆ, ಚೀಟಿಗಳ ಕಡೆ ತಿರುಗುತ್ತಾರೆ. ಬೇರೆಯವರ ವಿನ್ಯಾಸ ತೋರಿಸುವ ಪಿಂಟರೆಸ್ಟ್, ಬಿಹ್ಯಾನ್ಸ್ ಜಾಲತಾಣಗಳು ಮೂರೂ ಹಾಳೆ ಮುಗಿಯುವವರೆಗೆ ಬಂದ್. ಮಾದರಿ ತೋರಿಸಿ ವಿನ್ಯಾಸ ಮಾಡಿಸಿದಾಗ ಅದರಲ್ಲಿದ್ದ ದೋಷಗಳನ್ನೂ ಎಂಜಿನಿಯರುಗಳು ನಕಲು ಮಾಡಿದ್ದನ್ನು 1991ರ ಒಂದು ಅಧ್ಯಯನ ದಾಖಲಿಸಿದೆ. ದೃಶ್ಯಸ್ಮೃತಿ ಗಟ್ಟಿಯಾಗಿರುವ ನಮ್ಮ ವಿದ್ಯಾರ್ಥಿಗಳು ಇದರಿಂದ ಹೊರತಲ್ಲ.

ಮೆಚ್ಚಿದ ಆಲೋಚನೆಯ ಮೇಲೆ ಚುಕ್ಕಿ ಅಂಟಿಸಿ ಆರಿಸುವಾಗ ಮತ ಬೀಳುವುದು ಒಳ್ಳೆಯ ಆಲೋಚನೆಗಲ್ಲ, ಒಳ್ಳೆಯ ಚಿತ್ರಕ್ಕೆ. ಉಪಾಯ ಸರಳವಾಗಿದೆ: ಮೊದಲ ಸುತ್ತಿನಲ್ಲಿ ಉಳಿದ ಹತ್ತು–ಹನ್ನೆರಡನ್ನು ಗುಂಪಿನ ಒಬ್ಬರೇ ಒಂದೇ ಮಾರ್ಕರಿನಲ್ಲಿ, ಒಂದೇ ಅಳತೆಯಲ್ಲಿ ಮತ್ತೆ ಬರೆಯಲಿ. ಆಮೇಲೆ ಮತ. ಫಲಿತಾಂಶ ಬದಲಾಗುವುದು ಕಣ್ಣೆದುರೇ ಕಾಣುತ್ತದೆ.

ಪ್ರೊಟೊಟೈಪ್, ಅಂದರೆ ಪರೀಕ್ಷಿಸಿ ನೋಡಲು ಮಾಡುವ ಕಚ್ಚಾ ಮಾದರಿ, ಒಂದೇ ಸಲಕ್ಕೆ ಮೂರು ಆಗಲಿ. ಒಂದನ್ನೇ ತಿದ್ದುತ್ತ ಹೋದರೆ ಅದರ ಮೇಲಿನ ಟೀಕೆ ತಮ್ಮ ಮೇಲಿನ ಟೀಕೆ ಎನಿಸತೊಡಗುತ್ತದೆ. 2010ರಲ್ಲಿ ವೆಬ್ ಜಾಹೀರಾತು ವಿನ್ಯಾಸದ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಹಲವನ್ನು ಜೊತೆಜೊತೆಗೆ ಮಾಡಿ ಒಟ್ಟಿಗೆ ಅಭಿಪ್ರಾಯ ಪಡೆದವರ ಜಾಹೀರಾತುಗಳಿಗೆ ಒಂದರ ನಂತರ ಒಂದು ಮಾಡಿದವರವಕ್ಕಿಂತ ಹೆಚ್ಚು ಕ್ಲಿಕ್ ಬಿದ್ದವು. ಪ್ರತಿ ಪ್ರೊಟೊಟೈಪಿನ ಹಿಂಬದಿಯಲ್ಲಿ ಅದು ಕೇಳುತ್ತಿರುವ ಒಂದೇ ಪ್ರಶ್ನೆ ಬರೆದಿರಲಿ: ‘ಸೂರ್ಯನ ಚಿತ್ರ ನೋಡಿ ಬೆಳಿಗ್ಗೆ ಅಂದುಕೊಳ್ಳುತ್ತಾರೋ, ಮಧ್ಯಾಹ್ನ ಅಂದುಕೊಳ್ಳುತ್ತಾರೋ?’ ಪ್ರಶ್ನೆ ಇಲ್ಲದ ಪ್ರೊಟೊಟೈಪ್ ಬರೀ ಅರೆಬೆಂದ ಅಂತಿಮ ಕೃತಿ. ಮುದ್ರಿಸುವುದಿದ್ದರೆ ನಿಜವಾದ ಅಳತೆಯಲ್ಲೇ ಮುದ್ರಿಸಿ. ಪರದೆಯಲ್ಲಿ 400 ಪ್ರತಿಶತ ಹಿಗ್ಗಿಸಿ ನೋಡಿದ ಮಾತ್ರೆಯ ಚಿತ್ರ, ಬೆರಳುದ್ದದ ಲೇಬಲ್ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ.

ಪ್ರೊಟೊಟೈಪನ್ನು ಜನರ ಕೈಗೆ ಕೊಟ್ಟು ನೋಡುವ ಪರೀಕ್ಷೆಯೇ ಈ ಕೋರ್ಸಿನ ಹೃದಯ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಯನ್ನು ನಿಷೇಧಿಸಿ. ಅಮೆರಿಕದಲ್ಲಿ ಔಷಧ ಲೇಬಲ್‌ಗಳ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನವನ್ನು ತರಗತಿಯಲ್ಲಿ ಓದಿಸಬೇಕು. ‘ದಿನಕ್ಕೆ ಎರಡು ಬಾರಿ ಎರಡೆರಡು ಮಾತ್ರೆ’ ಎಂಬ ಸೂಚನೆಯನ್ನು ಓದುಬರಹ ಕಡಿಮೆ ಇದ್ದವರಲ್ಲಿ ಶೇ 70.7ರಷ್ಟು ಜನ ಸರಿಯಾಗಿ ಹೇಳಿದರು. ದಿನಕ್ಕೆ ಎಷ್ಟು ಮಾತ್ರೆ ಎಂದು ಎಣಿಸಿ ತೋರಿಸಲು ಸಾಧ್ಯವಾದದ್ದು ಶೇ 34.7ರಷ್ಟು ಜನರಿಗೆ ಮಾತ್ರ. ಆದ್ದರಿಂದ ಮೇಜಿನ ಮೇಲೆ ಬಣ್ಣಬಣ್ಣದ ಗುಂಡಿಗಳನ್ನಿಟ್ಟು, ‘ಇದನ್ನು ನೋಡಿ ನಾಳೆಯ ಮಾತ್ರೆಗಳನ್ನು ಎತ್ತಿಡಿ’ ಎನ್ನಬೇಕು. ಕೈ ಎಲ್ಲಿ ತಡೆಯಿತು, ಯಾವ ಗುಂಡಿ ವಾಪಸ್ ಹೋಯಿತು ಎಂಬುದೇ ದತ್ತಾಂಶ. ಪರೀಕ್ಷೆ ನಡೆಸುವುದು ಬೇರೆ ಗುಂಪಿನವರು. ಮಾಡಿದವರು ಹಿಂದೆ ಕೂತು ಬರೆದುಕೊಳ್ಳಬೇಕು, ಬಾಯಿ ತೆರೆಯುವಂತಿಲ್ಲ. ಇಲ್ಲದಿದ್ದರೆ ಅವರ ವಿವರಣೆಗೆ ಪಾಸಾಗುತ್ತದೆ, ವಿನ್ಯಾಸಕ್ಕಲ್ಲ.

ಇಂಥ ಪರೀಕ್ಷೆಗೆ ಐದು ಜನ ಸಾಕು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ದೋಷ ಹುಡುಕಿ, ತಿದ್ದಿ, ಮತ್ತೆ ಐವರ ಬಳಿ ಹೋಗುವುದಾದರೆ ಅದು ಸರಿ. ‘ಈ ಚಿಹ್ನೆ ಜನರಿಗೆ ತಿಳಿಯುತ್ತದೆ’ ಎಂದು ಹೇಳಲು ಐವರು ಸಾಲರು. ಸುರಕ್ಷತಾ ಚಿಹ್ನೆಗಳ ಅಮೆರಿಕದ ಮಾನದಂಡ ಕನಿಷ್ಠ ಶೇ 85 ಸರಿ ಉತ್ತರ ಕೇಳುತ್ತದೆ, ಅದರ ಜೊತೆಗೆ ಅಪಾಯಕಾರಿ ತಪ್ಪು ತಿಳಿವಳಿಕೆ ಶೇ 5 ಮೀರಬಾರದು ಎನ್ನುತ್ತದೆ. ಎರಡನೆಯ ಅಂಕಿಯನ್ನೇ ಒತ್ತಿ ಹೇಳಿ. ಅರ್ಥವಾಗದಿದ್ದರೆ ಜನ ಯಾರನ್ನಾದರೂ ಕೇಳುತ್ತಾರೆ. ‘ಬೇಡ’ ಎಂಬ ಅಡ್ಡಗೆರೆ ಚಿತ್ರದ ಮುಖ್ಯ ಭಾಗವನ್ನೇ ಮುಚ್ಚಿ, ಮಾಡಬಾರದ್ದು ಮಾಡಬೇಕಾದ್ದಾಗಿ ಕಂಡರೆ, ಯಾರೂ ಕೇಳುವುದಿಲ್ಲ, ಮಾಡಿಯೇಬಿಡುತ್ತಾರೆ.

ಅಂಕಗಳ ಹಂಚಿಕೆ ಇಷ್ಟೆಲ್ಲವನ್ನೂ ಉಳಿಸುತ್ತದೆ ಅಥವಾ ಹಾಳು ಮಾಡುತ್ತದೆ. ಅಂತಿಮ ಕೃತಿಗೆ 60 ಇಟ್ಟರೆ ಮೂರನೇ ವಾರವೇ ಲ್ಯಾಪ್‌ಟಾಪ್ ಹೊರಬರುತ್ತದೆ. ಕ್ಷೇತ್ರದ ಚೀಟಿಗಳಿಗೆ 15, ಸಮಸ್ಯೆಯ ವಾಕ್ಯ ಮತ್ತು ಅದರ ಬದಲಾವಣೆಗಳಿಗೆ 20, ಪ್ರೊಟೊಟೈಪ್ ಹಾಗೂ ಪರೀಕ್ಷೆಗೆ 25, ಅಂತಿಮ ಕೃತಿಗೆ 30, ವೈಯಕ್ತಿಕ ದಿನಚರಿಗೆ 10 ಎಂಬ ಹಂಚಿಕೆ ಚೆನ್ನಾಗಿ ನಡೆಯುತ್ತದೆ. 30ಕ್ಕಿಂತ ಕೆಳಗಿಳಿಸುವುದು ಸರಿಯಲ್ಲ. ಕೊನೆಯ ನಾಲ್ಕು ವಾರ ಕೈಗೆ ಪೂರ್ತಿ ಸ್ವಾತಂತ್ರ್ಯ ಕೊಡಬೇಕು, ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು. ಸಾಲುಗಳ ನಡುವಿನ ಅಂತರ ಕೆಟ್ಟಿರುವ ಸೂಚನಾಪತ್ರ ಎಷ್ಟು ಸಂಶೋಧನೆಯಿಂದ ಬಂದರೂ ಓದಲು ಬರುವುದಿಲ್ಲ.

‘ಒಮ್ಮೆಯಾದರೂ ಹಿಂದಿನ ಹಂತಕ್ಕೆ ಮರಳಿರಬೇಕು’ ಎಂಬ ನಿಯಮ ಹಾಕಿದರೆ ಕೆಲವರು ಮರಳಿದಂತೆ ನಟಿಸುತ್ತಾರೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಪರೀಕ್ಷೆಯ ದಿನಾಂಕ, ಅದರ ನಂತರದ ಸಮಸ್ಯೆಯ ವಾಕ್ಯ, ಹೊಸ ಚೀಟಿಗಳ ಸಂಖ್ಯೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಜವಾಗಿ ಮರಳಿದ ಗುಂಪಿನಲ್ಲಿ ವಾಕ್ಯದ ‘ಯಾಕೆ’ ಎಂಬ ತುಂಡು ಬದಲಾಗಿರುತ್ತದೆ. ನಟಿಸಿದವರಲ್ಲಿ ಬದಲಾಗಿರುವುದು ಬಣ್ಣ.

ಅಂತಿಮ ಜ್ಯೂರಿಯಲ್ಲಿ, ಅಂದರೆ ತೀರ್ಪುಗಾರರ ಮುಂದೆ, ಕೃತಿಯನ್ನು ಕೊನೆಗೆ ತೋರಿಸಿ. ಮೊದಲ 5 ನಿಮಿಷ ಚೀಟಿಗಳ ಗೋಡೆ ಮತ್ತು ಸಮಸ್ಯೆಯ ವಾಕ್ಯ, ಮುಂದಿನ 5 ನಿಮಿಷ ಸೋತ ಎರಡು ಪ್ರೊಟೊಟೈಪ್ ಮತ್ತು ಅವು ಸೋತ ಕಾರಣ, ಆಮೇಲೆ ಕೃತಿ. ಜ್ಯೂರಿಯಲ್ಲಿ ದಾದಿಯೊಬ್ಬರೋ ಔಷಧ ಅಂಗಡಿಯವರೊಬ್ಬರೋ ಇರಲಿ, ಮೊದಲ ಪ್ರಶ್ನೆ ಅವರದ್ದೇ ಆಗಲಿ. ವಿನ್ಯಾಸಕರು ಮೊದಲು ಮಾತಾಡಿದರೆ ಚರ್ಚೆ ಟೈಪ್‌ಫೇಸಿನಿಂದ ಮೇಲೇಳುವುದೇ ಇಲ್ಲ.