ಬದುಕಿದ ಸಸಿಗೆ ಮಾತ್ರ ದುಡ್ಡು

ಜೂನ್ 5, ಪರಿಸರ ದಿನ ಬಂತು ಅಂದ್ರೆ ವಾಟ್ಸಾಪ್ ಗ್ರೂಪ್ ತುಂಬ ಸಸಿ ನೆಡೋ ಫೋಟೋಗಳು. ಒಂದು ಸಸಿ, ಅದನ್ನ ಮುಟ್ಕೊಂಡು ನಿಂತಿರೋ ಹತ್ತು ಕೈ, ಹಿಂದೆ ಬ್ಯಾನರ್. ನಾಳೆಯಿಂದ ಇದಕ್ಕೆ ನೀರು ಹಾಕೋರು ಯಾರು ಅಂತ ಕೇಳಿ ನೋಡಿ, ಗ್ರೂಪಲ್ಲಿ ಯಾರೂ ಉಸಿರೆತ್ತಲ್ಲ. ಇಂಥಾ ಹೊತ್ತಲ್ಲಿ ನಂಗೆ ಕೀನ್ಯಾದ ವಂಗಾರಿ ಮಾತಾಯಿ ನೆನಪಾಗ್ತಾರೆ. ನೊಬೆಲ್ ಬಂದಿದ್ದಕ್ಕಲ್ಲ, ಸಸಿಗೆ ದುಡ್ಡು ಕೊಡೋಕೆ ಅವರು ಇಟ್ಟಿದ್ದ ಒಂದು ಕಂಡೀಷನ್‌ಗೆ.

ತಮಾಷೆ ಅಂದ್ರೆ ಅವರೂ ಶುರು ಮಾಡಿದ್ದು ಜೂನ್ 5ನೇ ತಾರೀಕೇ, 1977ರಲ್ಲಿ, ನೈರೋಬಿಯ ಒಂದು ಪಾರ್ಕಲ್ಲಿ 7 ಗಿಡ ನೆಟ್ಟು. ಅಲ್ಲಿಗೇ ನಿಂತಿದ್ರೆ ಇವತ್ತು ಯಾರಿಗೂ ನೆನಪಿರ್ತಿರಲಿಲ್ಲ.

ಅವರು ಓದಿದ್ದು ಪ್ರಾಣಿಗಳ ಅಂಗರಚನೆ, 1971ರಲ್ಲಿ ಪಿಎಚ್‌ಡಿ ಮಾಡಿದ್ರು, ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲೇ ಡಾಕ್ಟರೇಟ್ ತಗೊಂಡ ಮೊದಲ ಹೆಂಗಸು. ಮರದ ಕಡೆ ತಿರುಗಿಸಿದ್ದು ಹಳ್ಳಿ ಹೆಂಗಸರ ಮಾತು. ಕೀನ್ಯಾದ ಮಹಿಳಾ ಮಂಡಳಿಯಲ್ಲಿ ಆ ಹೆಂಗಸರು ಹೇಳ್ಕೊಳ್ತಿದ್ದಿದ್ದು ಸೌದೆ ಇಲ್ಲ, ನೀರು ಇಲ್ಲ, ದನಕ್ಕೆ ಮೇವಿಲ್ಲ, ಮಕ್ಕಳಿಗೆ ಮೈಗೆ ಹತ್ತೋ ಊಟ ಇಲ್ಲ ಅಂತ. ಅಲ್ಲಿನ ಗುಡ್ಡದ ಸೀಮೆ ಒಳ್ಳೇ ಮಳೆ ಬೀಳೋ ಫಲವತ್ತಾದ ನೆಲ, ಅಲ್ಲಿ ಮಕ್ಕಳಿಗೆ ಅಪೌಷ್ಟಿಕತೆ ಯಾಕೆ? ಕಾಡು ಹೋಗಿ ಟೀ, ಕಾಫಿ ಬಂದಿತ್ತು, ಸೌದೆ ಸಿಗ್ತಿರಲಿಲ್ಲ, ಸೌದೆ ಇಲ್ದೆ ಹೊತ್ತುಗಟ್ಟಲೆ ಬೇಯಿಸೋ ಕಾಳುಕಡಿ ಮಾಡೋಕಾಗಲ್ಲ, ಅದಕ್ಕೆ ಬೇಗ ಆಗೋ ಬಿಳಿ ಬ್ರೆಡ್ಡು, ಬಿಳಿ ಅಕ್ಕಿ, ಮೆಕ್ಕೆಜೋಳದ ಹಿಟ್ಟು. ಮಗು ಸೊರಗಿದ್ದಕ್ಕೆ ಕಾರಣ ಒಲೆಯಲ್ಲಿತ್ತು! ಇದು ಆಫೀಸಲ್ಲಿ ಕೂತ ಗಂಡಸಿನ ಕಣ್ಣಿಗೆ ಬೀಳೋ ಮಾತೇ ಅಲ್ಲ ಬಿಡಿ, ದಿನಾ ಸೌದೆ ಹೊತ್ತವರಿಗೇ ಗೊತ್ತಾಗಬೇಕು.

ಸರಿ, ಹೆಂಗಸರೇ ಗಿಡ ಬೆಳೆಸ್ಲಿ ಅಂತ ಹೊರಟ್ರೆ ಅರಣ್ಯ ತಜ್ಞರು ತಗಾದೆ ತೆಗೆದ್ರು, ಗಿಡ ನೆಡೋಕೆ ಡಿಪ್ಲೊಮಾ ಆಗಿರಬೇಕಂತೆ. ಹುಟ್ಟಿದಾಗಿಂದ ಹೊಲದಲ್ಲೇ ಇರೋರಿಗೆ ಬೀಜ ಮಣ್ಣಿಗೆ ಹಾಕೋಕೆ ಸರ್ಟಿಫಿಕೇಟು! ಹೆಂಗಸರು ಸುಮ್ನೆ ತಮಗೆ ಗೊತ್ತಿದ್ದಂಗೆ ಮಾಡಿದ್ರು, ಸುತ್ತಮುತ್ತಲ ಮರಗಳ ಬೀಜ ಆರಿಸಿ, ಒಡೆದ ಮಡಕೆ, ಹಳೇ ಡಬ್ಬಗಳಲ್ಲಿ ಸಸಿ ಎಬ್ಬಿಸಿದ್ರು. ಆಮೇಲೆ ಅವರಿಗೇ 'ಡಿಪ್ಲೊಮಾ ಇಲ್ಲದ ಅರಣ್ಯಾಧಿಕಾರಿಗಳು' ಅನ್ನೋ ಹೆಸರು ಬಂತು.

ಇನ್ನು ಆ ಕಂಡೀಷನ್. ಒಂದು ಸಸಿಗೆ ಸುಮಾರು 4 ಅಮೆರಿಕನ್ ಸೆಂಟ್‌ಗೆ ಸಮನಾದ ದುಡ್ಡು, ಆದ್ರೆ ಅದು ನೆಟ್ಟು ಬೇರೂರಿ ಬದುಕಿದ್ರೆ ಮಾತ್ರ. ಗುಂಡಿ ತೋಡಿದ್ದಕ್ಕೆ ದುಡ್ಡಿಲ್ಲ, ಫೋಟೋಗಂತೂ ಇಲ್ವೇ ಇಲ್ಲ. ಈ ಒಂದು ನಿಯಮ ಇಡೀ ಕೆಲಸದ ಸ್ವರೂಪಾನೇ ಬದಲಾಯಿಸ್ತು ಅಂತ ನನ್ನ ಅನಿಸಿಕೆ, ಯಾಕಂದ್ರೆ ನೆಡೋದು ಒಂದು ದಿನದ್ದು, ಬದುಕಿಸೋದು ದಿನಾ ನೀರು, ದಿನಾ ಆಡು ಕುರಿ ಓಡಿಸೋದು, ಅಂದ್ರೆ ಹೆಂಗಸರು ಯಾವಾಗಲೂ ಬಿಟ್ಟಿಯಾಗಿ ಮಾಡ್ಕೊಂಡು ಬಂದಿರೋ ಥರದ ಕೆಲಸ. ಅದಕ್ಕೆ ಒಂದು ರೇಟು ಅಂತ ಕಟ್ಟಿದ್ರಲ್ಲ, ಅದು ದೊಡ್ಡದು. 4 ಸೆಂಟ್ ಏನೇನೂ ಸಾಲದು, ಅದು ಬೇರೆ ಮಾತು, ಇಷ್ಟು ಅಗ್ಗಕ್ಕೆ ಕಾಡು ಬೆಳೀತು ಅಂತ ಹೊಗಳೋರನ್ನ ಕಂಡ್ರೆ ನಂಗೆ ಸ್ವಲ್ಪ ಸಿಟ್ಟೇ ಬರುತ್ತೆ. ಏನೇ ಇರ್ಲಿ, ಇವತ್ತಿಗೆ ಮಾತಾಯಿ ಕಟ್ಟಿದ ಗ್ರೀನ್ ಬೆಲ್ಟ್ ಮೂವ್‌ಮೆಂಟ್ ಸಂಘಟನೆ ಲೆಕ್ಕದಲ್ಲಿ 5 ಕೋಟಿಗೂ ಹೆಚ್ಚು ಮರ.

1989ರಲ್ಲಿ ನೈರೋಬಿಯ ಉಹುರು ಪಾರ್ಕಲ್ಲಿ 60 ಅಂತಸ್ತಿನ ಕಟ್ಟಡ ಎಬ್ಬಿಸ್ತೀವಿ ಅಂತ ಸರ್ಕಾರ ಹೊರಟಾಗ ಮಾತಾಯಿ ಅಡ್ಡ ನಿಂತ್ರು. ಅಧ್ಯಕ್ಷ ಮೋಯಿ ಕೆಂಡವಾದ್ರು, ಪಾರ್ಲಿಮೆಂಟಲ್ಲಿ ಸದಸ್ಯರು ಗೇಲಿ ಮಾಡಿದ್ರು, ಸಂಘಟನೆಯನ್ನ ಸರ್ಕಾರಿ ಕಟ್ಟಡದಿಂದ ಖಾಲಿ ಮಾಡಿಸಿದ್ರು, ಆಫೀಸು ಮನೆಗೇ ಬಂತು. ಕೊನೆಗೆ ವಿದೇಶಿ ದುಡ್ಡು ಹಿಂದೆ ಸರೀತು, ಕಟ್ಟಡ ಏಳಲಿಲ್ಲ. ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದು 2004ರಲ್ಲಿ, ತೀರಿಕೊಂಡಿದ್ದು 2011ರಲ್ಲಿ.

ಸಸಿ ಬದುಕಿಸೋದು ಅಂದ್ರೆ ಏನು ಅಂತ ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳೋದು ಬೇಕಾಗಿಲ್ಲ, ಸಾಲುಮರದ ತಿಮ್ಮಕ್ಕ ಇದ್ರಲ್ಲ. ಕುದೂರು ಹುಲಿಕಲ್ ರಸ್ತೇಲಿ ಕೂಲಿ ಮಾಡೋ ಗಂಡ ಹೆಂಡತಿ ಬಿಂದಿಗೇಲಿ ನೀರು ಹೊತ್ತು, ದನ ತಿನ್ನದಂಗೆ ಮುಳ್ಳು ಕಟ್ಟಿ ಉಳಿಸಿದ ಆಲದ ಮರಗಳು. ಅವರಿಗೆ ಸಸಿಗಿಷ್ಟು ಅಂತ ಯಾರೂ ಕೊಡಲಿಲ್ಲ, ಪದ್ಮಶ್ರೀ ಕೊಟ್ಟಿದ್ದು 2019ರಲ್ಲಿ, ಮರಗಳು ಮುದಿಯಾದ ಮೇಲೆ.

ಇನ್ನೊಂದು ವಿಷಯ ಇದೆ, ಸುಸ್ಥಿರ ಅಭಿವೃದ್ಧಿ ಅಂತ ಸೆಮಿನಾರ್ ಮಾಡೋರು ಇದನ್ನ ಮೆಲ್ಲಗೆ ದಾಟಿಸ್ಕೊಂಡು ಹೋಗ್ತಾರೆ. ಗಿಡ ಹೆಂಗಸು ಬೆಳೆಸಿದ್ದು ಸರಿ, ನೆಲ ಯಾರ ಹೆಸರಲ್ಲಿದೆ? 2015-16ರ ಕೃಷಿ ಗಣತಿ ಪ್ರಕಾರ ನಮ್ಮ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇ 14ರಷ್ಟು ಮಾತ್ರ. ಪಹಣೀಲಿ ಹೆಸರಿಲ್ಲದವಳು ಬದುಕಿಸಿದ ಮರಾನ ಕಡೀಬೇಕೋ ಬೇಡ್ವೋ, ಕಡಿದ್ರೆ ದುಡ್ಡು ಯಾರ ಅಕೌಂಟಿಗೆ ಅನ್ನೋದನ್ನ ತೀರ್ಮಾನ ಮಾಡೋದು ಅವಳಲ್ಲ. ಮುಂದಿನ ಸಲ ಪಂಚಾಯ್ತಿಯಲ್ಲಿ ವನಮಹೋತ್ಸವದ ಬಿಲ್ಲು ಪಾಸ್ ಮಾಡೋವಾಗ ಯಾರಾದ್ರೂ ಎರಡು ಪ್ರಶ್ನೆ ಕೇಳಿ: ಹೋದ ವರ್ಷದ್ದು ಎಷ್ಟು ಬದುಕಿವೆ, ಅದಕ್ಕೆ ನೀರು ಹಾಕಿದವಳಿಗೆ ಎಷ್ಟು ಕೊಟ್ರಿ.